3 ಇಂಚು ಲಿಫ್ಟ್ ಆದ ಮೇಲೆ ನೆಲದಲ್ಲಿ ನಡುಕ: ಪಿನಿಯನ್ ಕೋನ ಎಷ್ಟಿರಬೇಕು?

ಕೆಸರುಗಾಲಿ:

ಎಲ್ಲರಿಗೂ ನಮಸ್ಕಾರ. ನನ್ನದು ಗಿಡ್ಡ ವೀಲ್‌ಬೇಸಿನ ಜೀಪು. ಹಿಂದೆ ಮುಂದೆ ಎರಡೂ ಕಡೆ ಸಾಲಿಡ್ ಆಕ್ಸಲ್, ಲೀಫ್ ಸ್ಪ್ರಿಂಗ್. ಟೈರು 31 ಇಂಚಿನದು, ಡಿಫರೆನ್ಷಿಯಲ್ ಅನುಪಾತ 4.1. ಕಲ್ಲುದಾರಿಯಲ್ಲಿ ಗಾಡಿಯ ಹೊಟ್ಟೆ ಪದೇ ಪದೇ ತಾಗುತ್ತಿತ್ತು. ಅದಕ್ಕೇ ಹೋದ ತಿಂಗಳು ಹೊಸ ಸ್ಪ್ರಿಂಗ್ ಹಾಕಿಸಿ 3 ಇಂಚು ಎತ್ತರಿಸಿದೆ. ಮಣ್ಣುದಾರಿಯಲ್ಲಿ ಈಗ ಗಾಡಿ ಬಹಳ ಚೆನ್ನಾಗಿದೆ. ತೊಂದರೆ ಇರುವುದು ಟಾರು ರಸ್ತೆಯಲ್ಲಿ.

ವೇಗ 55 ದಾಟಿದರೆ ಕಾಲಡಿಯ ನೆಲದಲ್ಲಿ ಗುಂಯ್ ಎನ್ನುವ ನಡುಕ ಶುರುವಾಗುತ್ತದೆ. 70ರ ಹೊತ್ತಿಗೆ ಅದು ಜೋರಾಗಿ ಸೀಟಿನ ತನಕ ಬರುತ್ತದೆ. ಸ್ಟೀರಿಂಗ್ ಮಾತ್ರ ಅಲುಗಾಡುವುದಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಜಾಸ್ತಿ, ಕಾಲು ತೆಗೆದರೆ ಕಡಿಮೆ. ಲಿಫ್ಟ್ ಮಾಡಿದವರ ಹತ್ತಿರ ಕೇಳಿದರೆ ಟೈರ್ ಬ್ಯಾಲೆನ್ಸ್ ಮಾಡಿಸಿ ಎಂದರು. ಮಾಡಿಸಿದೆ, ಏನೂ ಬದಲಾಗಲಿಲ್ಲ.

ಟ್ರಾನ್ಸ್‌ಫರ್ ಕೇಸಿನಿಂದ (ಗೇರ್‌ಬಾಕ್ಸಿನ ಶಕ್ತಿಯನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಪೆಟ್ಟಿಗೆ) ಹಿಂದಿನ ಆಕ್ಸಲಿಗೆ ಹೋಗುವ ಪ್ರೊಪೆಲ್ಲರ್ ಶಾಫ್ಟಿಗೆ ಎರಡೂ ತುದಿಯಲ್ಲಿ ಮಾಮೂಲಿ ಯುಜೆ ಕ್ರಾಸ್ (ಓರೆಯಲ್ಲೂ ತಿರುಗುವ ಕೀಲು) ಇದೆ, ನಡುವೆ ಜಾರುವ ಸ್ಪ್ಲೈನ್ (ಉದ್ದ ಹೆಚ್ಚುಕಡಿಮೆ ಆಗಲು ಬಿಡುವ ಹಲ್ಲಿನ ಜೋಡಣೆ). ಲಿಫ್ಟ್ ಮಾಡುವಾಗ ಹಿಂದಿನ ಸ್ಪ್ರಿಂಗಿಗೂ ಆಕ್ಸಲಿಗೂ ನಡುವೆ ಒಂದು ಓರೆ ಬೆಣೆ ಕೂರಿಸಿದ್ದಾರೆ. ಪಿನಿಯನ್ ಮೂತಿ, ಅಂದರೆ ಈ ಶಾಫ್ಟ್ ಬಂದು ಸೇರುವ ಡಿಫರೆನ್ಷಿಯಲ್ ತುದಿ, ಮೇಲೆತ್ತಿದರೆ ಕ್ರಾಸಿಗೆ ಭಾರ ಕಡಿಮೆ ಅಂತ ಅವರ ಮಾತು. ಕೇಳಲು ಸರಿ ಅನ್ನಿಸಿತು. ಆದರೆ ನಡುಕ ಶುರುವಾಗಿದ್ದು ಅದೇ ದಿನದಿಂದ. ಪಿನಿಯನ್ ನಿಜವಾಗಿಯೂ ಯಾವ ಕಡೆ ನೋಡಬೇಕು? ಒಂದೇ ತುದಿಯಲ್ಲಿ ಎರಡು ಕ್ರಾಸ್ ಒಟ್ಟಿಗೆ ಇರುವ ಡಬಲ್ ಕಾರ್ಡನ್ ಶಾಫ್ಟ್ ಹಾಕಿಸಲೇಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಬೆಟ್ಟದಾರಿ:

ನನ್ನದು ಟಿಜೆ ಮಾದರಿಯ ಜೀಪ್ ರಾಂಗ್ಲರ್, ಕಾಯಿಲ್ ಸ್ಪ್ರಿಂಗ್, 4 ಇಂಚು ಲಿಫ್ಟ್. ಶುರುವಿನಲ್ಲಿ ನನಗೂ ಇದೇ ಥರ ಆಗಿತ್ತು. ಅಡ್ಜಸ್ಟ್ ಆಗುವ ಆರ್ಮ್ ಹಾಕಿ ಪಿನಿಯನ್ ಮೂತಿಯನ್ನು ಶಾಫ್ಟಿನ ನೇರಕ್ಕೆ ಬರುವ ತನಕ ಮೇಲೆತ್ತಿದೆ. ನಡುಕ ಪೂರ್ತಿ ಹೋಯಿತು. ನಿಮಗೂ ಬೆಣೆ ಸಾಲದೇ ಇರಬಹುದು. ಇನ್ನೂ 2 ಡಿಗ್ರಿ ದಪ್ಪದ್ದು ಹಾಕಿ ನೋಡಿ.

ಹಳೇ ಪಾನಾ:

ಕೆಸರುಗಾಲಿಯವರೇ, ದಪ್ಪ ಬೆಣೆ ಹಾಕುವ ಮೊದಲು ಒಂದು ನಿಮಿಷ ನಿಲ್ಲಿ. ಬೆಟ್ಟದಾರಿಯವರು ಹೇಳಿದ್ದು ಅವರ ಗಾಡಿಗೆ ಸರಿ. ಅವರ ಶಾಫ್ಟ್ ಬೇರೆ ಜಾತಿಯದು ಅಂತ ನನ್ನ ಲೆಕ್ಕ. ಅದಕ್ಕೆ ಆಮೇಲೆ ಬರುತ್ತೇನೆ.

ನಿಮ್ಮ ಪ್ರಶ್ನೆಯಲ್ಲೇ ಅರ್ಧ ಉತ್ತರ ಇದೆ. ಒತ್ತಿದರೆ ಜಾಸ್ತಿ, ಬಿಟ್ಟರೆ ಕಡಿಮೆ ಎಂದಿರಿ. ಟೈರಿನ ಬ್ಯಾಲೆನ್ಸ್ ತಪ್ಪಿದ್ದರೆ ಅದಕ್ಕೆ ನಿಮ್ಮ ಕಾಲಿನ ಹಂಗಿಲ್ಲ. ಒತ್ತಿದರೂ ಬಿಟ್ಟರೂ 70ರಲ್ಲಿ ಒಂದೇ ಥರ ಇರುತ್ತದೆ. ಅದೂ ಅಲ್ಲದೆ ಟೈರಿನ ನಡುಕ ನಿಧಾನದ್ದು. 31 ಇಂಚಿನ ಚಕ್ರ 70ರ ವೇಗದಲ್ಲಿ ಸೆಕೆಂಡಿಗೆ ಸುಮಾರು 8 ಸುತ್ತು ತಿರುಗುತ್ತದೆ. 4.1 ಅನುಪಾತ ಅಂದರೆ ಶಾಫ್ಟ್ ಸೆಕೆಂಡಿಗೆ ಸುಮಾರು 32 ಸುತ್ತು. ಯುಜೆ ಕೋನದಿಂದ ಬರುವ ನಡುಕ ಶಾಫ್ಟಿನ ಒಂದು ಸುತ್ತಿಗೆ 2 ಸಲ, ಅಂದರೆ ಸೆಕೆಂಡಿಗೆ 64. ಸೆಕೆಂಡಿಗೆ 8 ಸಲ ಆದರೆ ಕೈಗೆ ಅಲುಗಾಟವಾಗಿ ಗೊತ್ತಾಗುತ್ತದೆ. 64 ಸಲ ಆದರೆ ನೆಲದಿಂದ ಗುಂಯ್ ಅಂತ ಕೇಳುತ್ತದೆ. ನೀವು ಬರೆದದ್ದು ಎರಡನೆಯದು.

ಈಗ ಇದು ಯಾಕೆ ಆಗುತ್ತದೆ ನೋಡೋಣ. ಯುಜೆ ಕ್ರಾಸಿನ ಸ್ವಭಾವವೇ ಹಾಗೆ. ಕೋನದಲ್ಲಿ ತಿರುಗುವಾಗ ಈ ಬದಿ ಒಂದೇ ವೇಗದಲ್ಲಿ ತಿರುಗಿದರೂ ಆ ಬದಿ ಪ್ರತಿ ಸುತ್ತಿಗೆ 2 ಸಲ ಮುಂದೋಡುತ್ತದೆ, 2 ಸಲ ಹಿಂದೆ ಬೀಳುತ್ತದೆ. ಕೋನ 5 ಡಿಗ್ರಿ ಇದ್ದರೆ ಈ ಏರಿಳಿತ ಶೇಕಡಾ 0.4ರಷ್ಟು. 10 ಡಿಗ್ರಿಗೆ 1.5. 20 ಡಿಗ್ರಿಗೆ 6ರ ಮೇಲೆ. ಕೋನ ದುಪ್ಪಟ್ಟಾದರೆ ಏರಿಳಿತ ಹೆಚ್ಚುಕಡಿಮೆ ನಾಲ್ಕು ಪಟ್ಟು. ಲಿಫ್ಟ್ ಮಾಡಿದವರಿಗೆ ಇದು ತಟ್ಟನೆ ಕಾಡುವುದು ಇದಕ್ಕೇ.

ಮಾಮೂಲಿ ಶಾಫ್ಟಿನಲ್ಲಿ ಎರಡು ಕ್ರಾಸ್ ಇಡುವ ಉದ್ದೇಶವೇ ಒಂದರ ಏರಿಳಿತವನ್ನು ಇನ್ನೊಂದು ಅಳಿಸಲಿ ಎಂದು. ಅದು ಅಳಿಸಬೇಕಾದರೆ ಎರಡೂ ತುದಿಯ ಕೋನ ಸಮ ಇರಬೇಕು. ಜೊತೆಗೆ ಶಾಫ್ಟಿನ ಎರಡು ತುದಿಯ ಯೋಕ್ (ಕ್ರಾಸನ್ನು ಹಿಡಿಯುವ ಕವಲು) ಒಂದೇ ನೇರದಲ್ಲಿ ಕೂತಿರಬೇಕು. ಅಂದರೆ ಪಿನಿಯನ್ ಮೂತಿ ಶಾಫ್ಟನ್ನು ನೋಡಬಾರದು. ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ಟಿಗೆ ಸಮಾನಾಂತರವಾಗಿ ಇರಬೇಕು. ನಿಮ್ಮ ಬೆಣೆ ಹಿಂದಿನ ಕ್ರಾಸಿನ ಕೋನವನ್ನು ಕಡಿಮೆ ಮಾಡಿದೆ, ನಿಜ. ಆ ಒಂದು ಕ್ರಾಸಿಗೆ ಸುಖವೂ ಆಗಿರಬಹುದು. ಆದರೆ ಮುಂದಿನ ಕ್ರಾಸಿನ ಏರಿಳಿತವನ್ನು ಅಳಿಸುವವರು ಈಗ ಯಾರೂ ಇಲ್ಲ. ಗಾಡಿ ಓಡಿಸುವಾಗ ಲೀಫ್ ಸ್ಪ್ರಿಂಗ್ ಸ್ವಲ್ಪ ತಿರುಚಿಕೊಂಡು ಪಿನಿಯನ್ ಮೂತಿ ಇನ್ನಷ್ಟು ಮೇಲೇಳುತ್ತದೆ, ವ್ಯತ್ಯಾಸ ಇನ್ನೂ ಬೆಳೆಯುತ್ತದೆ. ಕಾಲು ತೆಗೆದರೆ ಮೂತಿ ಇಳಿಯುತ್ತದೆ, ನಡುಕ ಕಡಿಮೆಯಾಗುತ್ತದೆ. ನಿಮ್ಮ ಅನುಭವಕ್ಕೆ ಇದು ಸರಿಯಾಗಿ ಹೊಂದುತ್ತದೆ.

ಬೆಟ್ಟದಾರಿಯವರೇ, ನಿಮ್ಮ ಶಾಫ್ಟಿನ ಮೇಲ್ತುದಿಯಲ್ಲಿ ಎರಡು ಕ್ರಾಸ್ ಒಟ್ಟಿಗೆ ಇವೆ ಅಲ್ವಾ?

ಬೆಟ್ಟದಾರಿ:

ಹೌದು ಸರ್. 231 ಮಾದರಿಯ ಟ್ರಾನ್ಸ್‌ಫರ್ ಕೇಸಿನ ಜಾರುವ ಯೋಕ್ ತೆಗೆಸಿ, ಅಲುಗದ ಯೋಕ್ ಹಾಕಿಸಿ, ಡಬಲ್ ಕಾರ್ಡನ್ ಶಾಫ್ಟ್ ಕೂರಿಸಿದ್ದೇನೆ. ಪಿನಿಯನ್ ತಿರುಗಿಸಿದ್ದು ಅದೇ ಕೆಲಸದಲ್ಲಿ.

ಹಳೇ ಪಾನಾ:

ಹಾಗಾದರೆ ನೀವು ಮಾಡಿದ್ದು ಪೂರ್ತಿ ಸರಿ. ಡಬಲ್ ಕಾರ್ಡನ್‌ನಲ್ಲಿ ಎರಡು ಕ್ರಾಸ್ ಅಕ್ಕಪಕ್ಕ ಕೂತು ಕೋನವನ್ನು ಅರ್ಧರ್ಧ ಹಂಚಿಕೊಳ್ಳುತ್ತವೆ. ಏರಿಳಿತ ಅಲ್ಲೇ ಅಳಿದು ಹೋಗುತ್ತದೆ. ಕೆಳಗಿನ ಒಂಟಿ ಕ್ರಾಸಿಗೆ ಅಳಿಸುವ ಕೆಲಸವೇ ಉಳಿಯುವುದಿಲ್ಲ. ಅದಕ್ಕೇ ಅಲ್ಲಿ ಕೋನ ಸೊನ್ನೆಯ ಹತ್ತಿರ ಇರಬೇಕು, ಪಿನಿಯನ್ ಶಾಫ್ಟನ್ನೇ ನೋಡಬೇಕು. ಒಂದು ಜಾತಿಯ ಶಾಫ್ಟಿನ ನಿಯಮ ಇನ್ನೊಂದಕ್ಕೆ ಹಾಕಿದರೆ ಕೆಸರುಗಾಲಿಯವರ ಸ್ಥಿತಿ ಆಗುತ್ತದೆ. ಲಿಫ್ಟ್ ವಿಷಯದಲ್ಲಿ ನಾನು ನೋಡಿದ ತಕರಾರುಗಳಲ್ಲಿ ಇದೇ ಎಲ್ಲಕ್ಕಿಂತ ಸಾಮಾನ್ಯ. ಬೆಣೆ ಹಾಕುವವರು ಮೊದಲು ಶಾಫ್ಟಿನ ಕಡೆ ಒಂದು ಸಲ ಬಗ್ಗಿ ನೋಡಬೇಕು ಅಂತ ನನಗೆ ನಿಜವಾಗಿಯೂ ಅನ್ನಿಸುತ್ತದೆ.

ಕೆಸರುಗಾಲಿಯವರೇ, ಈಗ ಅಂದಾಜು ಸಾಕು, ಅಳೆಯಿರಿ. ಗಾಡಿ ಸಮತಟ್ಟಾದ ನೆಲದಲ್ಲಿ ನಾಲ್ಕು ಟೈರಿನ ಮೇಲೆ ನಿಂತಿರಲಿ. ಜಾಕ್ ಮೇಲೆ ಅಳೆದ ಕೋನಕ್ಕೆ ಬೆಲೆ ಇಲ್ಲ, ಆಕ್ಸಲ್ ಜೋತುಬಿದ್ದಿರುತ್ತದೆ. ಮ್ಯಾಗ್ನೆಟ್ ಇರುವ ಕೋನದ ಗೇಜ್ ಸಿಕ್ಕರೆ ಒಳ್ಳೆಯದು. ಇಲ್ಲದಿದ್ದರೆ ಫೋನಿನ ಲೆವೆಲ್ ಕೂಡ ಸಾಕು, ಆದರೆ ಫೋನಿನ ಕವರ್ ತೆಗೆದು ಇಡಿ. ಮೂರು ಜಾಗ: ಟ್ರಾನ್ಸ್‌ಫರ್ ಕೇಸಿನ ಔಟ್‌ಪುಟ್ ಫ್ಲ್ಯಾಂಜ್ ಮುಖ, ಶಾಫ್ಟಿನ ಕೊಳವೆ, ಪಿನಿಯನ್ ಫ್ಲ್ಯಾಂಜ್ ಮುಖ. ಅಳೆಯುವ ಮುನ್ನ ಕೊಳವೆಯ ಮೇಲಿನ ಕೆಸರು ಒರೆಸಿ. ಒಣಗಿದ ಮಣ್ಣಿನ ಒಂದು ಹೆಪ್ಪು 1 ಡಿಗ್ರಿ ತಪ್ಪು ತೋರಿಸುತ್ತದೆ. ಎರಡು ಕ್ರಾಸ್‌ಗಳ ಮಧ್ಯದ ಉದ್ದವನ್ನೂ ಬರೆದುಕೊಳ್ಳಿ. ಮುಂದಿನ ಹಬ್ ಫ್ರೀ ಮಾಡಿದಾಗಲೂ ನಡುಕ ಇದೆಯಾ ನೋಡಿ. ಹಬ್ ಬಿಟ್ಟಾಗ ಮುಂದಿನ ಶಾಫ್ಟ್ ತಿರುಗುವುದಿಲ್ಲ, ಅದನ್ನು ಲೆಕ್ಕದಿಂದ ತೆಗೆಯಬಹುದು.

ಕೆಸರುಗಾಲಿ:

ತುಂಬಾ ಥ್ಯಾಂಕ್ಸ್ ಸರ್. ಇವತ್ತು ಅಳೆದೆ. ಔಟ್‌ಪುಟ್ ಹಿಂಬದಿಗೆ 4 ಡಿಗ್ರಿ ಇಳಿಜಾರು. ಶಾಫ್ಟ್ 17 ಡಿಗ್ರಿ. ಪಿನಿಯನ್ ಮೂತಿ 10 ಡಿಗ್ರಿ ಮೇಲಕ್ಕೆ. ಬೆಣೆಯ ಮೇಲೆ 6 ಎಂದು ಕೆತ್ತಿದೆ. ಕ್ರಾಸ್‌ನಿಂದ ಕ್ರಾಸಿಗೆ 60 ಸೆಂಟಿಮೀಟರ್. ಹಬ್ ಫ್ರೀ ಮಾಡಿದರೂ ನಡುಕ ಹಾಗೇ ಇದೆ.

ಹಳೇ ಪಾನಾ:

ಬಹಳ ಒಳ್ಳೆಯದು, ಇಷ್ಟು ಸಿಕ್ಕರೆ ಕೂತು ಲೆಕ್ಕ ಹಾಕಬಹುದು.

ಮುಂದಿನ ಕ್ರಾಸಿನ ಕೋನ 17ರಲ್ಲಿ 4 ಕಳೆದರೆ 13. ಹಿಂದಿನದು 17ರಲ್ಲಿ 10 ಕಳೆದರೆ 7. ಈ ಎರಡು ಒಂದನ್ನೊಂದು ಅಳಿಸಿದ ಮೇಲೆ ಎಷ್ಟು ಉಳಿಯುತ್ತದೆ ಎಂದು ನೋಡಲು ಒಂದು ಸೂತ್ರ ಇದೆ. ಎರಡೂ ಕೋನಗಳ ವರ್ಗ ಮಾಡಿ, ದೊಡ್ಡದರಿಂದ ಚಿಕ್ಕದನ್ನು ಕಳೆದು, ವರ್ಗಮೂಲ ತೆಗೆಯಬೇಕು. 169ರಲ್ಲಿ 49 ಹೋದರೆ 120. ಅದರ ಮೂಲ ಸುಮಾರು 11. ಅಂದರೆ ನಿಮ್ಮ ಗಾಡಿ ಈಗ ಓಡುತ್ತಿರುವುದು ಒಂದೇ ಒಂದು ಕ್ರಾಸ್ 11 ಡಿಗ್ರಿಯಲ್ಲಿ ತಿರುಗಿದ ಹಾಗೆ. ಇದು 3ರ ಒಳಗೆ ಇರಲಿ ಎನ್ನುವುದು ಶಾಫ್ಟ್ ಕೆಲಸದವರು ಇಟ್ಟುಕೊಂಡ ಮಿತಿ. 11 ಇದ್ದಾಗ ನೆಲ ನಡುಗುವುದರಲ್ಲಿ ಆಶ್ಚರ್ಯ ಇಲ್ಲ.

ಬೆಣೆ ತೆಗೆದರೆ ಪಿನಿಯನ್ 4ಕ್ಕೆ ಬಂದು ಔಟ್‌ಪುಟ್ಟಿಗೆ ಸಮಾನಾಂತರ ಆಗುತ್ತದೆ. ಆದರೆ ಒಂದು ವಿಷಯ ಇದೆ, ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಪಿನಿಯನ್ ಮೂತಿ ಇಳಿದರೆ ಅದಕ್ಕೆ ಕಟ್ಟಿದ ಶಾಫ್ಟಿನ ತುದಿಯೂ ಇಳಿಯುತ್ತದೆ. ಆಕ್ಸಲಿನ ಮಧ್ಯದಿಂದ ಯೋಕಿಗೆ 25 ಸೆಂಟಿಮೀಟರ್ ಅಂತ ಇಟ್ಟುಕೊಂಡರೆ, 6 ಡಿಗ್ರಿಗೆ ಎರಡೂವರೆ ಸೆಂಟಿಮೀಟರಿನಷ್ಟು ಇಳಿತ. 60 ಸೆಂಟಿಮೀಟರ್ ಶಾಫ್ಟಿನಲ್ಲಿ ಅದು 2 ಡಿಗ್ರಿಗಿಂತ ಜಾಸ್ತಿ. ಹಾಗಾಗಿ ಶಾಫ್ಟ್ 19ಕ್ಕೆ ಹೋಗುತ್ತದೆ. ಎರಡೂ ಕ್ರಾಸ್ 15, 15.

ಸಮ ಆಯಿತು, ನಡುಕ ಹೆಚ್ಚುಕಡಿಮೆ ಹೋಗುತ್ತದೆ. ಅಲ್ಲಿಗೆ ಮುಗಿಯಿತು ಎಂದು ಹೇಳಲು ನನಗೆ ಮನಸ್ಸಿಲ್ಲ, ಯಾಕೆಂದರೆ 15 ದೊಡ್ಡ ಕೋನ. ಅದೇ ಸೂತ್ರವನ್ನು ಮತ್ತೆ ಹಾಕಿ ನೋಡಿ. 5ಕ್ಕೆ 4 ಇದ್ದರೆ ಉಳಿಯುವುದು 3. 15ಕ್ಕೆ 14 ಇದ್ದರೆ ಉಳಿಯುವುದು 5.4. ವ್ಯತ್ಯಾಸ ಎರಡರಲ್ಲೂ ಒಂದೇ ಡಿಗ್ರಿ. ಕೋನ ದೊಡ್ಡದಾದಷ್ಟೂ ಆ ಒಂದು ಡಿಗ್ರಿಯ ಪೆಟ್ಟು ಜಾಸ್ತಿ. ಲೀಫ್ ಸ್ಪ್ರಿಂಗ್ ಆಕ್ಸಲ್ ಎಳೆಯುವಾಗ ಒಂದೆರಡು ಡಿಗ್ರಿ ತಿರುಗುವುದು ಮಾಮೂಲು. ನಿಂತಾಗ 15, 15 ಇದ್ದದ್ದು ಓಡುವಾಗ ಹಾಗೇ ಉಳಿಯುವುದಿಲ್ಲ. ಸಾಲದ್ದಕ್ಕೆ ತುದಿಗಳು ಸಮ ಇದ್ದರೂ ನಡುವಿನ ಕೊಳವೆ ಪ್ರತಿ ಸುತ್ತಿಗೂ ಶೇಕಡಾ 3ರ ಮೇಲೆ ಹಿಂದೆ ಮುಂದೆ ಆಗುತ್ತಲೇ ಇರುತ್ತದೆ. ಅದರ ಭಾರವನ್ನು ಹೊರುವುದು ಅದೇ ಸೂಜಿ ಬೇರಿಂಗುಗಳು.

ಇಲ್ಲಿಂದ ಎರಡು ದಾರಿ ಇವೆ.

ಒಂದು, ಟ್ರಾನ್ಸ್‌ಫರ್ ಕೇಸಿನ ಅಡ್ಡಪಟ್ಟಿಯ ಕೆಳಗೆ ಸ್ಪೇಸರ್ ಕೊಟ್ಟು 2.5 ಸೆಂಟಿಮೀಟರ್ ಇಳಿಸುವುದು. ಇಳಿಸಿದಾಗ ಔಟ್‌ಪುಟ್ ಕೂಡ ಸ್ವಲ್ಪ ಹಿಂದಕ್ಕೆ ಬಾಗುತ್ತದೆ, ಅದೂ ನಿಮಗೆ ಲಾಭ. ಅಷ್ಟು ಪಿನಿಯನ್ನಿಗೆ ಚಿಕ್ಕ ಬೆಣೆ ಕೊಟ್ಟು ಮತ್ತೆ ಸಮಾನಾಂತರ ಮಾಡಿದರೆ ಎರಡೂ ಕಡೆ 11ರ ಹತ್ತಿರ ನಿಲ್ಲುತ್ತದೆ. ಖರ್ಚು ಕಡಿಮೆ, ಆದರೆ ನನಗೆ ಇಷ್ಟ ಇಲ್ಲ. ನೀವು ಲಿಫ್ಟ್ ಮಾಡಿಸಿದ್ದೇ ಹೊಟ್ಟೆ ತಾಗುತ್ತದೆ ಅಂತ. ಅದೇ ಹೊಟ್ಟೆಯನ್ನು 1 ಇಂಚು ಕೆಳಗೆ ಇಳಿಸಿದ ಹಾಗಾಗುತ್ತದೆ. ಇಂಜಿನ್ ಹಿಂದಕ್ಕೆ ವಾಲುವುದರಿಂದ ಫ್ಯಾನ್ ಅದರ ಕವಚಕ್ಕೆ ತಾಗುತ್ತದಾ, ಗೇರ್ ಲಿವರ್ ಸಿಕ್ಕಿಹಾಕಿಕೊಳ್ಳುತ್ತದಾ ಅಂತಲೂ ನೋಡಬೇಕು.

ಇನ್ನೊಂದು, ಮೇಲ್ತುದಿಗೆ ಡಬಲ್ ಕಾರ್ಡನ್ ಇರುವ ಶಾಫ್ಟ್. ಆಗ ಬೆಟ್ಟದಾರಿಯವರ ನಿಯಮ ನಿಮಗೂ ಬರುತ್ತದೆ. ಪಿನಿಯನ್ ಶಾಫ್ಟನ್ನು ನೋಡಬೇಕು. ಲೀಫ್ ಸ್ಪ್ರಿಂಗ್ ಆದ್ದರಿಂದ 1 ಡಿಗ್ರಿಯಷ್ಟು ಕೆಳಗೇ ಇಡಿ, ಎಳೆಯುವಾಗ ತಾನಾಗಿ ಎದ್ದು ನೇರಕ್ಕೆ ಬರುತ್ತದೆ. ನಿಮ್ಮ ಅಳತೆಯಲ್ಲಿ ಪಿನಿಯನ್ 14ರ ಹತ್ತಿರ, ಶಾಫ್ಟ್ 15ರ ಹತ್ತಿರ ನಿಲ್ಲಬೇಕು. ಅಂದರೆ ಮೂಲದಿಂದ 10 ಡಿಗ್ರಿ ತಿರುಗಿಸಬೇಕು. ಅದನ್ನು ಬೆಣೆಯಿಂದ ಮಾಡಲು ಹೋಗಬೇಡಿ. ಅಷ್ಟು ಓರೆಯಾದರೆ ಯು ಬೋಲ್ಟ್ ನೇರ ಕೂರುವುದಿಲ್ಲ, ಬೆಣೆ ಜಾರುವ ಭಯ ಇದೆ. ಆಕ್ಸಲಿನ ಮೇಲೆ ಸ್ಪ್ರಿಂಗ್ ಕೂರುವ ಸೀಟನ್ನೇ ಕತ್ತರಿಸಿ ಹೊಸ ಕೋನದಲ್ಲಿ ವೆಲ್ಡ್ ಮಾಡಿಸಬೇಕು. ಪಿನಿಯನ್ ಅಷ್ಟು ಮೇಲೆದ್ದರೆ ಅದರ ಮುಂದಿನ ಬೇರಿಂಗಿಗೆ ಆಯಿಲ್ ಹೋಗುವುದು ಕಡಿಮೆಯಾಗಬಹುದು. ಆಯಿಲ್ ತುಂಬುವ ಪ್ಲಗ್ ಕೂಡ ಆಕ್ಸಲಿನ ಜೊತೆ ತಿರುಗಿರುತ್ತದೆ, ಹಳೇ ಮಟ್ಟ ಲೆಕ್ಕಕ್ಕೆ ಬರುವುದಿಲ್ಲ. ಈ ಎರಡನ್ನೂ ಮಾಡಿಸುವ ಮೊದಲೇ ಮಾತಾಡಿಕೊಳ್ಳಿ.

ನನ್ನ ಗಾಡಿ ಆಗಿದ್ದರೆ ಎರಡನೆಯದನ್ನೇ ಮಾಡಿಸುತ್ತಿದ್ದೆ. ಗಿಡ್ಡ ಶಾಫ್ಟಿಗೆ ಅದೇ ನ್ಯಾಯ. ಇದೇ 3 ಇಂಚನ್ನು ಉದ್ದ ವೀಲ್‌ಬೇಸಿನ ಗಾಡಿಗೆ ಮಾಡಿದ್ದರೆ ಇಷ್ಟು ಮಾತೇ ಬೇಕಿರಲಿಲ್ಲ. 60 ಸೆಂಟಿಮೀಟರ್ ಶಾಫ್ಟಿನಲ್ಲಿ 3 ಇಂಚು ಅಂದರೆ 7 ಡಿಗ್ರಿಯಷ್ಟು ಏರಿಕೆ. 120 ಸೆಂಟಿಮೀಟರ್ ಶಾಫ್ಟಿನಲ್ಲಿ ಅರ್ಧ ಸಾಕು. ಎಷ್ಟು ಇಂಚು ಲಿಫ್ಟ್ ಎಂದು ಕೇಳುವವರು ಶಾಫ್ಟ್ ಎಷ್ಟು ಉದ್ದ ಎಂದೂ ಕೇಳಬೇಕು.

ಗ್ರೀಸ್‌ಗನ್:

ಹಳೇ ಪಾನಾ ಅವರು ಹೇಳಿದ ಮೇಲೆ ಕೋನದ ಬಗ್ಗೆ ನನ್ನದೇನೂ ಇಲ್ಲ. ಕೆಸರುಗಾಲಿಯವರು ಒಂದು ತಿಂಗಳು ಈ ಸ್ಥಿತಿಯಲ್ಲೇ ಓಡಿಸಿದ್ದಾರೆ. ಆದ್ದರಿಂದ ಬೆಣೆ ತೆಗೆಯುವಾಗ ಎರಡೂ ಕ್ರಾಸ್ ಬಿಚ್ಚಿ ನೋಡುವುದು ಒಳ್ಳೆಯದು.

ಸರ್ಕ್ಲಿಪ್ ತೆಗೆದು ಕಪ್ ಹೊರಗೆ ತಂದಾಗ ಮೊದಲು ಕಪ್ಪಿನ ಒಳಗೆ ಬೆರಳಾಡಿಸಿ. ಗ್ರೀಸ್ ನುಣುಪಾಗಿ ಕಪ್ಪಗೆ ಇದ್ದರೆ ಪರವಾಗಿಲ್ಲ. ಇಟ್ಟಿಗೆ ಬಣ್ಣದ ಒಣ ಪುಡಿ ಕೈಗೆ ಅಂಟಿದರೆ ಆ ಕ್ರಾಸ್ ಮುಗಿಯಿತು ಅಂತಲೇ ಅರ್ಥ. ಆಮೇಲೆ ಕ್ರಾಸಿನ ನಾಲ್ಕು ಕಾಲನ್ನೂ ಬಟ್ಟೆಯಿಂದ ಒರೆಸಿ ಬೆಳಕಿಗೆ ಹಿಡಿಯಿರಿ. ಸೂಜಿಗಳು ಕೂತ ಜಾಗದಲ್ಲಿ ಉದ್ದುದ್ದ ಗೀರು ಸಾಲಾಗಿ ಕಾಣುತ್ತವಾ ನೋಡಿ. ಉಗುರು ಎಳೆದಾಗ ತಡೆದರೆ ಹೊಸದು ಹಾಕಿ. ಆ ಗೀರು ಭಾರ ಹೊರುವ ಒಂದೇ ಬದಿಯಲ್ಲಿ ಆಳವಾಗಿರುತ್ತದೆ, ಎದುರು ಬದಿ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಒಂದೇ ಬದಿ ನೋಡಿ ಚೆನ್ನಾಗಿದೆ ಎಂದುಕೊಳ್ಳಬೇಡಿ.

ಇನ್ನೊಂದು ಮಾತು. ಡಬಲ್ ಕಾರ್ಡನ್ ಹಾಕಿಸಿದಾಗ ಕೆಳಗಿನ ಕ್ರಾಸನ್ನು ಸರಿಯಾಗಿ ಸೊನ್ನೆ ಡಿಗ್ರಿಗೆ ಇಡಲು ಒದ್ದಾಡಬೇಡಿ. ಕೋನ ಇಲ್ಲದಿದ್ದರೆ ಸೂಜಿಗಳು ಉರುಳುವುದೇ ಇಲ್ಲ, ಒಂದೇ ಜಾಗದಲ್ಲಿ ಕೂತು ಅಲ್ಲೇ ಗುಂಡಿ ಬೀಳಿಸುತ್ತವೆ. ಅರ್ಧದಿಂದ ಒಂದು ಡಿಗ್ರಿ ಇದ್ದರೆ ಸಾಕು, ಉರುಳಿಕೊಂಡು ಗ್ರೀಸ್ ಹರಡಿಕೊಳ್ಳುತ್ತವೆ. ಮೇಲೆ ಹೇಳಿದ 1 ಡಿಗ್ರಿ ಇದಕ್ಕೂ ಒಳ್ಳೆಯದೇ.

ಸ್ಪ್ಲೈನ್ ಎಳೆಯುವ ಮೊದಲು ಎರಡೂ ಕಡೆ ಸೇರಿ ಒಂದೇ ಗೆರೆ ಬಣ್ಣ ಹಚ್ಚಿ. 16 ಹಲ್ಲಿನ ಸ್ಪ್ಲೈನಿನಲ್ಲಿ ಒಂದು ಹಲ್ಲು ತಪ್ಪಿದರೆ ಯೋಕ್ 22.5 ಡಿಗ್ರಿ ತಿರುಗಿ ಕೂರುತ್ತದೆ. ಆಮೇಲೆ ಎಷ್ಟು ಬೆಣೆ ಬದಲಿಸಿದರೂ ನಡುಕ ಹೋಗುವುದಿಲ್ಲ.

ಹಳೇ ಪಾನಾ:

ಬಣ್ಣದ ಗೆರೆಯ ಮಾತು ಎಲ್ಲರೂ ನೆನಪಿಟ್ಟುಕೊಳ್ಳಿ. ಅದರ ಜೊತೆ ಶಾಫ್ಟ್ ಬಿಚ್ಚುವ ಮೊದಲು ಗಾಲಿಗಳಿಗೆ ಅಡ್ಡ ಕೊಡಿ. ಗಾಡಿಯನ್ನು ಗೇರಿನಲ್ಲಿ ಇಟ್ಟಿದ್ದೇನೆ, ಓಡುವುದಿಲ್ಲ ಎಂದು ನಂಬಬೇಡಿ. ಗೇರ್ ಗಾಲಿಯನ್ನು ಹಿಡಿಯುವುದು ಇದೇ ಶಾಫ್ಟಿನ ಮೂಲಕ. ಅದನ್ನು ಬಿಚ್ಚಿದ ಕ್ಷಣ ಹಿಂದಿನ ಗಾಲಿ ಪೂರ್ತಿ ಫ್ರೀ. ಕೆಲವು ಗಾಡಿಗಳಲ್ಲಿ ಹ್ಯಾಂಡ್‌ಬ್ರೇಕೂ ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲೇ ಇರುತ್ತದೆ. ಹಳೇ ಲ್ಯಾಂಡ್ ರೋವರ್ ಡಿಫೆಂಡರ್ ಹಾಗೆಯೇ. ಅಲ್ಲಿ ಶಾಫ್ಟ್ ತೆಗೆದರೆ ಹ್ಯಾಂಡ್‌ಬ್ರೇಕೂ ಹೋಯಿತು. ಗಾಡಿಯ ಕೆಳಗೆ ಮಲಗಿ ಮಾಡುವ ಕೆಲಸ ಇದು, ದಯವಿಟ್ಟು ಇದರಲ್ಲಿ ಅವಸರ ಬೇಡ.

ಕೆಸರುಗಾಲಿಯವರೇ, ಉದ್ದದ ಬಗ್ಗೆ ಯಾರೂ ಇನ್ನೂ ಮಾತಾಡಿಲ್ಲ. ಲಿಫ್ಟ್ ಆದಾಗ ಎರಡು ಕ್ರಾಸ್‌ಗಳ ಅಂತರವೂ ಬದಲಾಗುತ್ತದೆ, ಜಾರುವ ಸ್ಪ್ಲೈನ್ ಅಷ್ಟು ಹೊರಗೆ ಬಂದಿರುತ್ತದೆ. ಎಷ್ಟು ಅಂತ ಪುಸ್ತಕದ ಲೆಕ್ಕದಿಂದ ಹೇಳುವುದು ಕಷ್ಟ, ಯಾಕೆಂದರೆ ಸ್ಪ್ರಿಂಗ್ ಬಾಗು ಜಾಸ್ತಿಯಾದಾಗ ಆಕ್ಸಲ್ ಸ್ವಲ್ಪ ಮುಂದಕ್ಕೋ ಹಿಂದಕ್ಕೋ ಸರಿದಿರುತ್ತದೆ. ಹೀಗೆ ನೋಡಿ. ಚಾಸಿಗೆ ಸ್ಟ್ಯಾಂಡ್ ಕೊಟ್ಟು ಆಕ್ಸಲ್ ಪೂರ್ತಿ ಜೋತುಬೀಳಲು ಬಿಡಿ. ಸ್ಪ್ಲೈನ್ ಎಷ್ಟು ಹೊರಗಿದೆ, ಒಳಗೆ ಎಷ್ಟು ಉಳಿದಿದೆ ಎಂದು ಅಳೆಯಿರಿ. ಆಮೇಲೆ ಶಾಫ್ಟನ್ನು ಕೈಯಲ್ಲಿ ಒಂದು ಪೂರ್ತಿ ಸುತ್ತು ನಿಧಾನಕ್ಕೆ ತಿರುಗಿಸಿ. ಎಲ್ಲಾದರೂ ಬಿಗಿಯಾದರೆ ಯೋಕಿನ ಕಿವಿ ಎದುರಿನ ಯೋಕಿಗೆ ತಾಗುತ್ತಿದೆ ಅಂತ ಅರ್ಥ. ತಾಗಿದ ಜಾಗದಲ್ಲಿ ಬಣ್ಣ ಕಿತ್ತು ಕಬ್ಬಿಣ ಹೊಳೆಯುತ್ತಿರುತ್ತದೆ. ನಿಂತಾಗ ಸರಿ ಇದ್ದು ಗಾಲಿ ಗಾಳಿಯಲ್ಲಿ ನೇತಾಡುವಾಗ ಮುರಿಯುವ ಶಾಫ್ಟ್‌ಗಳು ಹೀಗೆ ಮುರಿಯುತ್ತವೆ. ಅಂಥದ್ದು ಕಂಡರೆ ಆಕ್ಸಲ್ ಅಷ್ಟು ಕೆಳಗೆ ಇಳಿಯದ ಹಾಗೆ ಪಟ್ಟಿ ಕಟ್ಟಿ.

ಸ್ಪ್ರಿಂಗ್ ಪೂರ್ತಿ ಒತ್ತಿದಾಗಿನ ಸ್ಥಿತಿಯನ್ನೂ ನೋಡಬೇಕು. ಹೊಸ ಶಾಫ್ಟನ್ನು ಬೇಕಾದ್ದಕ್ಕಿಂತ ಉದ್ದ ಮಾಡಿಸಿದರೆ ದೊಡ್ಡ ಗುಂಡಿಗೆ ಬಿದ್ದಾಗ ಸ್ಪ್ಲೈನ್ ತಳ ಮುಟ್ಟಿ, ಆ ಹೊಡೆತ ನೇರ ಟ್ರಾನ್ಸ್‌ಫರ್ ಕೇಸಿನ ಬೇರಿಂಗಿಗೆ ಹೋಗುತ್ತದೆ.

ಬ್ರೇಕ್ ಹೋಸ್, ಡಿಫರೆನ್ಷಿಯಲ್ ಉಸಿರು ಪೈಪು ಜೋತುಬಿದ್ದಾಗ ಬಿಗಿಯುತ್ತವಾ ಎಂದು ಅದೇ ಹೊತ್ತಿಗೆ ನೋಡಿಬಿಡಿ.

ಸಣ್ಣಗಾಲಿ:

ನಡುವೆ ಬಂದೆ, ಕ್ಷಮಿಸಿ. ನನ್ನದು ಮುಂದೆ ಇಂಡಿಪೆಂಡೆಂಟ್ ಸಸ್ಪೆನ್ಷನ್ ಇರುವ ಗಾಡಿ. 2 ಇಂಚು ಎತ್ತರಿಸಬೇಕು ಅಂತಿದ್ದೇನೆ. ಈ ಪಿನಿಯನ್ ಲೆಕ್ಕ ನನಗೂ ಬರುತ್ತದಾ? ಬಾಡಿ ಲಿಫ್ಟ್ ಮಾಡಿದರೆ?

ಹಳೇ ಪಾನಾ:

ಬಾಡಿ ಲಿಫ್ಟಿನಲ್ಲಿ ಚಾಸಿಯ ಮೇಲಿನ ಬಾಡಿ ಮಾತ್ರ ಏರುತ್ತದೆ. ಟ್ರಾನ್ಸ್‌ಫರ್ ಕೇಸ್, ಆಕ್ಸಲ್ ಎಲ್ಲ ಇದ್ದಲ್ಲೇ ಇರುತ್ತವೆ. ಶಾಫ್ಟಿನ ಕೋನ ಬದಲಾಗುವುದಿಲ್ಲ. ಹೊಟ್ಟೆಯ ಎತ್ತರವೂ ಬದಲಾಗುವುದಿಲ್ಲ, ದೊಡ್ಡ ಟೈರಿಗೆ ಜಾಗ ಸಿಗುತ್ತದೆ ಅಷ್ಟೇ.

ಸಸ್ಪೆನ್ಷನ್ ಲಿಫ್ಟ್ ಆದರೆ ನಿಮ್ಮ ಮುಂದಿನ ಡಿಫರೆನ್ಷಿಯಲ್ ಚಾಸಿಗೆ ಕಟ್ಟಿರುವುದರಿಂದ ಮುಂದಿನ ಪ್ರೊಪೆಲ್ಲರ್ ಶಾಫ್ಟಿಗೆ ಏನೂ ಆಗುವುದಿಲ್ಲ. ಪೂರ್ತಿ ಹೊರೆ ಗಾಲಿಗೆ ಹೋಗುವ ಎರಡು ಸಿವಿ ಆಕ್ಸಲ್ (ಕೋನದಲ್ಲೂ ಒಂದೇ ವೇಗದಲ್ಲಿ ತಿರುಗುವ ಜಾಯಿಂಟ್ ಇರುವವು) ಮೇಲೆ ಬೀಳುತ್ತದೆ. ಹೊರಗಿನ ಜಾಯಿಂಟ್ ಸ್ಟೀರಿಂಗ್ ತಿರುಗಲಿ ಎಂದೇ ಮಾಡಿದ್ದು, 40 ಡಿಗ್ರಿ ಮೇಲೂ ತಡೆಯುತ್ತದೆ. ಒಳಗಿನದಕ್ಕೆ ಅದರ ಅರ್ಧದಷ್ಟೇ ತಾಕತ್ತು. ಮೊದಲು ಹೋಗುವುದು ರಬ್ಬರ್ ಬೂಟು. ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ, ಗ್ರೀಸ್ ಎರಚುತ್ತದೆ, ಮರಳು ಒಳಗೆ ಹೋಗುತ್ತದೆ. ಬೂಟಿನ ಮಡಿಕೆಗಳ ನಡುವೆ ಆಗಾಗ ನೋಡುತ್ತಿರಿ. ಹಿಂದಿನ ಆಕ್ಸಲ್ ಸಾಲಿಡ್ ಆಗಿದ್ದರೆ ಅದಕ್ಕೆ ಮೇಲಿನ ಲೆಕ್ಕ ಹಾಗೇ ಬರುತ್ತದೆ.

ಕೆಸರುಗಾಲಿ:

ಎಲ್ಲರಿಗೂ ಥ್ಯಾಂಕ್ಸ್. ಗಾಲಿಗೆ ಅಡ್ಡ ಕೊಟ್ಟೇ ಕೆಲಸ ಮಾಡಿದೆ. ಬೆಣೆ ತೆಗೆದೆ. 70ರಲ್ಲಿ ಇದ್ದ ನಡುಕ ಹೋಯಿತು. 85ರ ಹತ್ತಿರ ಸಣ್ಣಗೆ ಶುರುವಾಗುತ್ತದೆ, ಆಕ್ಸಿಲರೇಟರ್ ಜೋರಾಗಿ ಒತ್ತಿದರೆ ಮಾತ್ರ. ಮತ್ತೆ ಅಳೆದಾಗ ಶಾಫ್ಟ್ ನೀವು ಹೇಳಿದ ಹಾಗೆ 19ಕ್ಕೆ ಬಂದಿತ್ತು. ಹಿಂದಿನ ಕ್ರಾಸ್ ಚೆನ್ನಾಗಿದೆ. ಮುಂದಿನದರ ಒಂದು ಕಾಲಿನಲ್ಲಿ ಗ್ರೀಸ್‌ಗನ್ ಹೇಳಿದ ಗೀರು ಉಗುರಿಗೆ ಸಿಕ್ಕಿತು, ಬದಲಿಸಿದೆ. ಜೋತುಬಿದ್ದಾಗ ಯೋಕ್ ತಾಗುವುದಿಲ್ಲ, ಆದರೆ ಜಾಗ ತೀರಾ ಕಡಿಮೆ ಇದೆ.

ಡಬಲ್ ಕಾರ್ಡನ್ ಮಾಡಿಸುವುದು ಎಂದು ತೀರ್ಮಾನಿಸಿದ್ದೇನೆ. ಎರಡು ಪ್ರಶ್ನೆ. ಹಿಂದೆ ಪಿನಿಯನ್ ತಿರುಗಿಸುವಾಗ ಮುಂದಿನ ಆಕ್ಸಲಿಗೂ ಅದನ್ನೇ ಮಾಡಲೇ? ಶಾಫ್ಟಿನ ಅಳತೆ ಯಾವಾಗ ಕೊಡುವುದು, ಸೀಟು ವೆಲ್ಡ್ ಆಗುವ ಮೊದಲೋ ಆಮೇಲೋ?

ಹಳೇ ಪಾನಾ:

ತುಂಬಾ ಸಂತೋಷ ಆಯಿತು. ಕ್ರಾಸ್ ಬಿಚ್ಚಿ ನೋಡಿದ್ದು ಬಹಳ ಒಳ್ಳೆಯದಾಯಿತು.

ಮುಂದಿನ ಆಕ್ಸಲನ್ನು ಮುಟ್ಟಬೇಡಿ. ಅಲ್ಲಿ ಪಿನಿಯನ್ ಮೂತಿ ಎತ್ತಿದಷ್ಟು ಡಿಗ್ರಿ ಕ್ಯಾಸ್ಟರ್ (ಸ್ಟೀರಿಂಗ್ ತಿರುಗಿಸಿದಾಗ ಗಾಲಿ ತಿರುಗುವ ಗೆಣ್ಣು ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗುತ್ತದೆ, ಯಾಕೆಂದರೆ ಎರಡೂ ಒಂದೇ ಕೊಳವೆಗೆ ಕಟ್ಟಿವೆ. ಕ್ಯಾಸ್ಟರ್ ಹೋದರೆ ಗಾಡಿ ನೇರ ಹೋಗುವುದಿಲ್ಲ, ತಿರುಗಿಸಿದ ಮೇಲೆ ಸ್ಟೀರಿಂಗ್ ತಾನಾಗಿ ವಾಪಸು ಬರುವುದಿಲ್ಲ. ಶಾಫ್ಟಿನ ಸಣ್ಣ ಶಬ್ದಕ್ಕಿಂತ ಅದು ಎಷ್ಟೋ ಅಪಾಯ. ನಿಮಗೆ ಫ್ರೀ ಆಗುವ ಹಬ್ ಇದೆ. ಟಾರು ರಸ್ತೆಯಲ್ಲಿ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ. ಹಬ್ ಲಾಕ್ ಮಾಡುವುದು ನಿಧಾನದ ದಾರಿಯಲ್ಲಿ, ಅಲ್ಲಿ ಕೋನ ಸ್ವಲ್ಪ ತಪ್ಪಿದ್ದರೂ ನಡೆಯುತ್ತದೆ. ಅಲ್ಲಿ ಜೋತುಬಿದ್ದಾಗ ಯೋಕ್ ತಾಗದಿದ್ದರೆ, ಸ್ಪ್ಲೈನ್ ಸಾಕಷ್ಟು ಒಳಗಿದ್ದರೆ ಬಿಟ್ಟುಬಿಡಿ.

ಅಳತೆಯ ಬಗ್ಗೆ ಹೇಳುವುದಾದರೆ ಕ್ರಮ ಮುಖ್ಯ. ಮೊದಲು ಹೊಸ ಸೀಟುಗಳನ್ನು ಆಕ್ಸಲ್ ಮೇಲೆ ಸಡಿಲವಾಗಿ ಇಟ್ಟು, ಸ್ಪ್ರಿಂಗ್ ಕಟ್ಟಿ, ಗಾಡಿಯನ್ನು ಅದರ ಭಾರದಲ್ಲೇ ನಾಲ್ಕು ಟೈರಿನ ಮೇಲೆ ನಿಲ್ಲಿಸಿ. ಟ್ರಾನ್ಸ್‌ಫರ್ ಕೇಸಿಗೆ ಡಬಲ್ ಕಾರ್ಡನ್ ಕೂರುವ ಯೋಕೋ ಫ್ಲ್ಯಾಂಜೋ ಆಗಲೇ ಹಾಕಿರಬೇಕು, ಅದರ ದಪ್ಪವೂ ಅಳತೆಗೆ ಸೇರುತ್ತದೆ. ಈಗ ಪಿನಿಯನ್ ಎತ್ತಿ, ಔಟ್‌ಪುಟ್ ಫ್ಲ್ಯಾಂಜ್‌ನಿಂದ ಪಿನಿಯನ್ ಯೋಕಿಗೆ ಒಂದು ನೇರ ಕೋಲು ಹಿಡಿದು ಆ ಕೋಲಿನ ಕೋನ ನೋಡಿ. ಪಿನಿಯನ್ ಅದಕ್ಕಿಂತ 1 ಡಿಗ್ರಿ ಕೆಳಗೆ ಇರಲಿ. ಅಲ್ಲಿ ಚುಕ್ಕಿ ವೆಲ್ಡ್ ಮಾಡಿ. ಮೂತಿ ಎದ್ದಂತೆ ಕೋಲಿನ ಕೋನವೂ ಬದಲಾಗುತ್ತದೆ, ಆದ್ದರಿಂದ ಚುಕ್ಕಿ ಹಾಕಿದ ಮೇಲೂ ಮತ್ತೆ ಅಳೆಯಿರಿ. ನನ್ನ 14, 15 ಅಂದಾಜು ಲೆಕ್ಕ. ಗೇಜ್ ಬೇರೆ ಹೇಳಿದರೆ ಗೇಜನ್ನೇ ನಂಬಿ.

ಆಮೇಲೆ ಆಕ್ಸಲ್ ಕೆಳಗೆ ತೆಗೆದು ಸೀಟು ಪೂರ್ತಿ ವೆಲ್ಡ್ ಮಾಡಿಸಿ. ಒಂದೇ ಉಸಿರಿಗೆ ಇಡೀ ಸುತ್ತು ಎಳೆಯಲು ಬಿಡಬೇಡಿ. ಎಡದಲ್ಲಿ ಒಂದು ಇಂಚು, ಬಲದಲ್ಲಿ ಒಂದು ಇಂಚು, ನಡುವೆ ಆರಲು ಬಿಟ್ಟು ಮಾಡಬೇಕು. ಇಲ್ಲದಿದ್ದರೆ ಬಿಸಿಗೆ ಆಕ್ಸಲ್ ಕೊಳವೆಯೇ ಬಾಗುತ್ತದೆ. ಎಲ್ಲ ಕಟ್ಟಿ, ಯು ಬೋಲ್ಟ್ ಪೂರ್ತಿ ಬಿಗಿದು, ಗಾಡಿಯನ್ನು ಒಂದೆರಡು ದಿನ ನಿಧಾನಕ್ಕೆ ಓಡಿಸಿ. ಹೊಸ ಸ್ಪ್ರಿಂಗ್ ಸ್ವಲ್ಪ ಕೂರುತ್ತದೆ. ಅದು ಕೂತ ಮೇಲೆ ಫ್ಲ್ಯಾಂಜ್‌ನಿಂದ ಯೋಕಿಗೆ ಅಳೆದು ಶಾಫ್ಟ್ ಮಾಡುವವರಿಗೆ ಮೂರು ಅಳತೆ ಕೊಡಿ: ನಿಂತಾಗಿನದು, ಪೂರ್ತಿ ಜೋತುಬಿದ್ದಾಗಿನದು, ಪೂರ್ತಿ ಒತ್ತಿದಾಗಿನದು. ಅಲ್ಲಿಯ ತನಕ ಹಳೇ ಶಾಫ್ಟ್ ಹಾಕಿ ಜೋರಾಗಿ ಓಡಿಸಬೇಡಿ. ಪಿನಿಯನ್ ಮೇಲೆದ್ದಿರುವುದರಿಂದ ಅದೇ ಗುಂಯ್ ಶಬ್ದ ಬೆಣೆ ಇದ್ದಾಗಿನಷ್ಟೇ ಜೋರಾಗಿ ಬರುತ್ತದೆ, ಹೊಸದಾಗಿ ಹಾಕಿದ ಕ್ರಾಸ್ ಅದರಲ್ಲೇ ಹಾಳಾಗುತ್ತದೆ.